ಕಾಫಿ ತೋಟದ ಕೂಲಿ ಕಾರ್ಮಿಕರೊಬ್ಬರು ಮೂಡಿಗೆರೆಯಿಂದ ವಿಧಾನಸಭೆಗೆ ಸ್ಪರ್ಧಿಸಬಹುದೇ?

ಖಂಡಿತ ಸ್ಪರ್ಧಿಸಬಹುದು, ಆಸ್ತಿ ಅಥವಾ ಓದು ಇಲ್ಲದಿರುವುದು ಕಾನೂನಿನಲ್ಲಿ ಅಡ್ಡಿಯಲ್ಲ. 25 ವರ್ಷ ತುಂಬಿ, ರಾಜ್ಯದ ಯಾವುದಾದರೂ ಕ್ಷೇತ್ರದಲ್ಲಿ ಮತದಾರರಾಗಿರಬೇಕು. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾಗಿರುವುದರಿಂದ ಅಭ್ಯರ್ಥಿ ಆ ವರ್ಗದವರೇ ಆಗಿರಬೇಕು, ಅವರಿಗೆ ಠೇವಣಿ 5,000 ರೂಪಾಯಿ. ಪಕ್ಷೇತರರಾದರೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಿ ಸಹಿ ಹಾಕಬೇಕು. ತೋಟದ ಲೈನ್ ಮನೆಗಳಲ್ಲೇ ಅಷ್ಟು ಜನ ಸಿಗುತ್ತಾರಾದರೂ, ಹೊರ ಜಿಲ್ಲೆಗಳಿಂದ ಬಂದವರ ಹೆಸರು ಇನ್ನೂ ಹುಟ್ಟೂರಿನ ಪಟ್ಟಿಯಲ್ಲೇ ಇರಬಹುದಾದ್ದರಿಂದ, ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಮೊದಲೇ ತಾಳೆ ನೋಡಿಕೊಳ್ಳಿ. ನಿಜವಾದ ಕಷ್ಟವಿರುವುದು ಪ್ರಚಾರದಲ್ಲಿ: ವೆಚ್ಚದ ಮಿತಿಯೇ 40 ಲಕ್ಷ ರೂಪಾಯಿ ಇರುವಾಗ, ದಿನಗೂಲಿ ಬಿಟ್ಟು ಊರೂರು ಸುತ್ತುವವರು ಸಮಾನ ನೆಲದಲ್ಲಿ ನಿಂತಿಲ್ಲ, ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸಹಕಾರ್ಮಿಕರು ಕೊಡುವ ಚಂದಾವನ್ನು ಚುನಾವಣೆಗೆಂದೇ ತೆರೆದ ಬ್ಯಾಂಕ್ ಖಾತೆಗೆ ಜಮಾ ಮಾಡಿ, ಲೆಕ್ಕ ಇಟ್ಟುಕೊಳ್ಳಿ.