“ನಾನಿಲ್ಲದಿದ್ದರೆ ಇವರಿಗೆ ಹಗುರ”

ಮಡಿಕೇರಿ ಕಡೆಯ ಸಣ್ಣ ಕಾಫಿ ಬೆಳೆಗಾರರು, ಐವತ್ತು ದಾಟಿದವರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜರಿದು ತೋಟದ ಬಹುಪಾಲು ಹೋಯಿತು, ಮನೆಯೂ ಉಳಿಯಲಿಲ್ಲ. ಈಗ ಕುಶಾಲನಗರದಲ್ಲಿ ಮಗನ ಬಾಡಿಗೆ ಮನೆಯಲ್ಲಿದ್ದಾರೆ. “ನಿದ್ದೆ ಮಾಡ್ತಿಲ್ಲ, ಮದುವೆ-ಮುಂಜಿಗೂ ಬರ್ತಿಲ್ಲ” ಎಂದು ಹೆಂಡತಿ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದರು.

ಮಾತಿನ ನಡುವೆ ಅವರು ಜೇಬಿನಿಂದ ಮಡಚಿದ ಚೀಟಿ ತೆಗೆದರು. ಬಿ.ಪಿ. ಮಾತ್ರೆ, ಬಸ್ ಚಾರ್ಜು, ಒಂದಾಳಿನ ಅಕ್ಕಿ... ತಮ್ಮಿಂದ ಮಗನಿಗೆ ತಿಂಗಳಿಗೆಷ್ಟು ಖರ್ಚು ಎಂದು ಬರೆದು ಕೂಡಿಸಿಟ್ಟಿದ್ದರು.

“ಸಾಯಬೇಕು ಅನ್ನಿಸುತ್ತಾ?” ನೇರವಾಗಿಯೇ ಕೇಳಿದೆ. ಹೆಂಡತಿ ಬೆಚ್ಚಿದರು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂದು ಎಲ್ಲರಿಗೂ ಭಯ. ಹಾಗಾಗುವುದಿಲ್ಲ, ಒಳಗೇ ಕಟ್ಟಿಟ್ಟ ಮಾತು ಹೊರಬರುತ್ತದೆ.

“ಅನ್ನಿಸುತ್ತೆ ಮೇಡಂ. ನಾನಿಲ್ಲದಿದ್ದರೆ ಇವರಿಗೆ ಹಗುರ.”

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ, ಮುಂದೆ ವಿಸ್ತಾರಗೊಂಡ ಸಿದ್ಧಾಂತ ಹೇಳುವುದು ಇದನ್ನೇ. ‘ನಾನು ಯಾರಿಗೂ ಬೇಕಾದವನಲ್ಲ’, ‘ನಾನು ಹೊರೆ’ ಎಂಬ ಎರಡು ಭಾವನೆಗಳು ಒಟ್ಟಾಗಿ, ಇದು ಬದಲಾಗದು ಎಂಬ ಹತಾಶೆಯೂ ಸೇರಿದಾಗ ಸಾವಿನ ಬಯಕೆ ಮೂಡುತ್ತದೆ. ಆತ್ಮಹತ್ಯೆಯನ್ನು ಅಧ್ಯಯನ ಮಾಡಿದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಅವರ ಪ್ರಕಾರ ಇದರ ಬೇರು ತಡೆಯಲಾಗದ ಮನೋವೇದನೆ. ಸಾಯಬಯಸುವವರಿಗೆ ಮುಗಿಯಬೇಕಾಗಿರುವುದು ಆ ನೋವು. ಇದೇ ಕ್ಷೇತ್ರದ ಸಂಶೋಧಕ ರೋರಿ ಓಕಾನರ್ ಸೋಲಿನ ಜೊತೆಗೆ ‘ಸಿಕ್ಕಿಬಿದ್ದೆ, ದಾರಿಯಿಲ್ಲ’ ಎಂಬ ಭಾವಕ್ಕೆ ಒತ್ತು ಕೊಡುತ್ತಾರೆ. ಯಾವುದೂ ಒಂಟಿಯಾಗಿ ಒಬ್ಬ ಮನುಷ್ಯನನ್ನು ಪೂರ್ತಿ ವಿವರಿಸಲಾರದು. ಆದರೆ ಇವರ ಚೀಟಿ ನೋಡಿದ ಮೇಲೆ ನಾನು ಹಿಡಿದದ್ದು ‘ಹೊರೆ’ಯ ಎಳೆಯನ್ನೇ. ಅದು ಅವರಿಗೆ ಅನ್ನಿಸಿದ್ದು, ನಿಜವಲ್ಲ. ಅನ್ನಿಸಿದ್ದನ್ನು ಪರೀಕ್ಷಿಸಬಹುದು.

ಮೊದಲು ಸುರಕ್ಷತೆ. ಅವರ ಬಳಿಯಿದ್ದ ಕೋವಿ ಅಂದೇ ಪೊಲೀಸ್ ಠಾಣೆಯ ಸುಪರ್ದಿಗೆ, ತೋಟದ ಔಷಧಿ ಅಣ್ಣನ ಮನೆಯ ಬೀಗದೊಳಗೆ ಹೋಗಲಿ ಎಂದೆ. ಸಾಯುವ ತುಡಿತ ಏರಿ ಇಳಿಯುವಂಥದ್ದು. ಕೈಗೆ ಏನೂ ಸಿಗದಿದ್ದರೆ ಇಳಿಯಲು ಸಮಯ ಸಿಗುತ್ತದೆ. ಖಿನ್ನತೆ, ನಿದ್ದೆಗೆ ಮನೋವೈದ್ಯರ ಬಳಿ ಕಳಿಸಿದೆ.

ಮುಂದಿನ ಭೇಟಿಗೆ ಮಗನನ್ನೂ ಕರೆದು, ತಂದೆಯ ಒಪ್ಪಿಗೆ ಪಡೆದು ಚೀಟಿ ಕೊಟ್ಟೆ. ಓದಿ ಹುಡುಗ ಅತ್ತುಬಿಟ್ಟ. “ಅಪ್ಪ, ಉಳಿದ ತೋಟದಲ್ಲಿ ಯಾವ ಮರ ಕಪಾತು ಮಾಡಿಸ್ಬೇಕು ಅಂತಾನೂ ನಂಗೊತ್ತಿಲ್ಲ.” ವಾರಕ್ಕೊಮ್ಮೆ ಇಬ್ಬರೂ ತೋಟಕ್ಕೆ ಹೋಗುವುದೆಂದು ಅಲ್ಲೇ ಗೊತ್ತುಮಾಡಿದೆವು.

ಮನೆಯವರಿಗೆ ಹೇಳಿದ್ದು: “ಧೈರ್ಯ ತಗೊಳ್ಳಿ” ಎಂದು ಮಾತು ಮುಗಿಸಬೇಡಿ, ಕೇಳಿಸಿಕೊಳ್ಳಿ. ಯೋಚನೆ ಜೋರಾದರೆ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಕಂಡರೆ ತುರ್ತು ಸಂಖ್ಯೆ 112. ಅವರ ಚಿಕಿತ್ಸೆ ಇನ್ನೂ ನಡೆಯುತ್ತಿದೆ.