ಡಬ್ಬದ ಮೇಲಿನ ಚಾನೆಲ್ ಲೆಕ್ಕ ನಂಬಬೇಡಿ

ಪ್ರಶ್ನೆ: ನಮ್ಮದು ಕಲಬುರಗಿ. ಪ್ರತಿ ಸೋಮವಾರ ಸಂಜೆ ಮನೆಯ ಪಡಸಾಲೆಯಲ್ಲಿ ಭಜನಿ ನಡೆಯುತ್ತದೆ. ತತ್ವಪದ, ವಚನ ಹಾಡುತ್ತೇವೆ. ಮುಂದೆ ಹಾಡುವವರು ಇಬ್ಬರು, ಒಂದು ಪೇಟಿ (ಹಾರ್ಮೋನಿಯಂ), ತಬಲಾ-ಡಗ್ಗಾ. ಉಳಿದವರದು ತಾಳ, ಹಿಮ್ಮೇಳ. ಇದನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಪುಣೆ, ಹೈದರಾಬಾದಿನಲ್ಲಿರೋ ಮಕ್ಕಳಿಗೆ ಕಳಿಸಬೇಕು ಅಂತ ಆಸೆ. ಮೈಕ್ ಹಿಡಿದು 20 ಸಾವಿರದೊಳಗೆ ಆಗಬೇಕು. ಅಂಗಡಿಯವರು ‘ಎಂಟು ಚಾನೆಲ್, ಯುಎಸ್‌ಬಿ, ಬ್ಲೂಟೂತ್, 99 ಎಫೆಕ್ಟ್’ ಇರೋ ಆಡಿಯೊ ಮಿಕ್ಸರ್ ತೋರಿಸುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಆ ಮಿಕ್ಸರ್ ಮೇಲೆ ಮೈಕ್ ಚುಚ್ಚುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತೂತು ಎಷ್ಟಿವೆ, ಪ್ರತಿಯೊಂದಕ್ಕೂ ಬೇರೆ ಗೇನ್ ಗುಂಡಿ (ಮೈಕಿನ ಸಿಗ್ನಲ್ ಏರಿಸಿ ಇಳಿಸೋದು) ಇದೆಯಾ ಅಂತ ಎಣಿಸಿಕೊಂಡು ಬನ್ನಿ.

ಡಬ್ಬದ ಮೇಲೆ ಎಂಟು ಅಂತ ಇದ್ದರೆ ಎಂಟು ಮೈಕ್ ಹಾಕಬಹುದು ಅಂದುಕೊಳ್ಳೋದು ಸಹಜ. ಆದರೆ ಕಂಪನಿಗಳು ಒಂದು ಸ್ಟೀರಿಯೊ ಇನ್‌ಪುಟ್ಟನ್ನು ಎಡ, ಬಲ ಅಂತ ಎರಡಾಗಿ ಎಣಿಸುತ್ತವೆ. ಬೆಹ್ರಿಂಗರ್ ಝೆನಿಕ್ಸ್ 802 ಹೆಸರಲ್ಲೇ ಎಂಟಿದೆ, ಮೈಕಿಗೆ ಜಾಗ ಎರಡೇ. ಯಮಾಹಾ ಎಂಜಿ06ರಲ್ಲೂ ಎರಡೇ. ಎಂಜಿ10 ಮತ್ತು ಝೆನಿಕ್ಸ್ 1202ರಲ್ಲಿ ನಾಲ್ಕು. ನಿಮಗೆ ಬೇಕಿರೋದು ಸರಿಯಾಗಿ ನಾಲ್ಕು: ಹಾಡುವವರಿಗೆ ಎರಡು, ಪೇಟಿಗೊಂದು, ತಬಲಾಕ್ಕೊಂದು. ತಾಳಕ್ಕೆ ಮೈಕ್ ಬೇಡವೇ ಬೇಡ. ಅದು ಕರೆಯದಿದ್ದರೂ ಎಲ್ಲ ಮೈಕಿಗೂ ಬಂದು ಬೀಳುತ್ತೆ.

ಇನ್ನು ಯುಎಸ್‌ಬಿ. ಇಲ್ಲಿ ಮೋಸ ಹೋಗೋರು ಜಾಸ್ತಿ. ಅಗ್ಗದ ಎಷ್ಟೋ ಮಿಕ್ಸರ್‌ಗಳಲ್ಲಿ ಯುಎಸ್‌ಬಿ ಇರೋದು ಪೆನ್‌ಡ್ರೈವ್ ಹಾಕಿ ಹಾಡು ಕೇಳೋಕೆ ಮಾತ್ರ. ತೂತು ಚಪ್ಪಟೆಯಾಗಿ ಪೆನ್‌ಡ್ರೈವ್ ಕೂರುವಂತಿದ್ದರೆ ಅನುಮಾನ ಪಡಿ. ಪ್ರಿಂಟರ್‌ಗೆ ಇರುತ್ತಲ್ಲ, ಆ ಥರದ ಚೌಕ ತೂತಿದ್ದರೆ ಅದು ಕಂಪ್ಯೂಟರ್‌ಗೆ ಜೋಡಿಸೋದು. ಕೆಲವು ಹೊಸ ಮಾದರಿಗಳಲ್ಲಿ ಟೈಪ್-ಸಿ ಬಂದಿದೆ. ಆಗ ಅಂಗಡಿಯಲ್ಲೇ ನಿಮ್ಮ ಲ್ಯಾಪ್‌ಟಾಪ್ ಜೋಡಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ. ಯುಎಸ್‌ಬಿ ಇಲ್ಲದ 1202 ಥರದ್ದು ಕಡಿಮೆಗೆ ಸಿಕ್ಕರೆ ಅದೂ ಆಗುತ್ತೆ. ಅದರ ಟೇಪ್ ಔಟ್‌ನಿಂದ ಬೆಹ್ರಿಂಗರ್ ಯುಸಿಎ202 ಥರದ ಚಿಕ್ಕ ಸೌಂಡ್ ಕಾರ್ಡಿಗೆ ಕೊಟ್ಟು, ಅಲ್ಲಿಂದ ಲ್ಯಾಪ್‌ಟಾಪಿಗೆ ಕೊಡಿ. ಮಿಕ್ಸರ್‌ನ ಹೆಡ್‌ಫೋನ್ ತೂತಿನಿಂದ ಸುಮ್ನೆ ಒಂದು ವೈರ್ ಎಳೆದು ಮೊಬೈಲಿಗೆ ಚುಚ್ಚಬೇಡಿ. ಮೊಬೈಲಿನ ಮೈಕ್ ಲೈನು ಅಷ್ಟು ಜೋರಾದ ಸಿಗ್ನಲ್ ತಡೆಯಲ್ಲ, ದನಿ ಒಡೆಯುತ್ತೆ.

ಇನ್ನೊಂದು ವಿಷಯ ಖರೀದಿಗೆ ಮುಂಚೆಯೇ ಗೊತ್ತಿರಲಿ. ಈ ಬೆಲೆಯ ಮಿಕ್ಸರ್‌ಗಳು ಕಂಪ್ಯೂಟರ್‌ಗೆ ಕಳಿಸೋದು ಬರೀ ಎರಡು ಟ್ರ್ಯಾಕ್, ಎಡ ಮತ್ತು ಬಲ. ನಾಲ್ಕೂ ಮೈಕ್ ಅದರಲ್ಲೇ ಕಲೆತು ಹೋಗಿರುತ್ತವೆ. ತಬಲಾ ಜಾಸ್ತಿ ಆಯ್ತು ಅಂತ ಆಮೇಲೆ ಇಳಿಸೋಕೆ ಬರಲ್ಲ. ಇದಕ್ಕೊಂದು ಉಪಾಯ ಇದೆ. ಹಾಡುವವರಿಬ್ಬರ ಪ್ಯಾನ್ ಗುಂಡಿ ಪೂರ್ತಿ ಎಡಕ್ಕೆ, ಪೇಟಿ-ತಬಲಾದ್ದು ಪೂರ್ತಿ ಬಲಕ್ಕೆ ತಿರುಗಿಸಿ ರೆಕಾರ್ಡ್ ಮಾಡಿ. ಹಾಡು ಒಂದು ಟ್ರ್ಯಾಕಿಗೆ, ವಾದ್ಯ ಇನ್ನೊಂದಕ್ಕೆ ಬೀಳುತ್ತೆ. ಆಮೇಲೆ ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಹದ ಮಾಡಿ ನಡುವಿಗೆ ತನ್ನಿ. ನಾಲ್ಕೂ ಬೇರೆ ಬೇರೆಯೇ ಬೇಕು ಅಂದರೆ ನಾಲ್ಕು ಮೈಕಿನ ಆಡಿಯೊ ಇಂಟರ್‌ಫೇಸ್ (ಪ್ರತಿ ಮೈಕನ್ನೂ ಬೇರೆ ಟ್ರ್ಯಾಕಾಗಿ ಕಂಪ್ಯೂಟರ್‌ಗೆ ಕಳಿಸುವ ಸಾಧನ) ತಗೋಬೇಕು. ಭಜನಿಗೆ ಅದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

99 ಎಫೆಕ್ಟ್‌ಗೆ ದುಡ್ಡು ಕೊಡಬೇಡಿ. ನಿಮ್ಮ ಪಡಸಾಲೆಗೆ ಶಹಾಬಾದ್ ಪರಸಿ ಕಲ್ಲು ಹಾಸಿದ್ದರೆ ಎಕೋ ಅಲ್ಲೇ ಪುಕ್ಕಟೆ ಸಿಗುತ್ತೆ, ಬೇಡ ಅಂದರೂ ಬಿಡಲ್ಲ. ಅದನ್ನು ಕಡಿಮೆ ಮಾಡೋದೇ ನಿಜವಾದ ಕೆಲಸ. ನೆಲಕ್ಕೆ ದಪ್ಪ ಜಮಖಾನ ಹಾಸಿ. ಹಾಡುವವರ ಎದುರಿನ ಗೋಡೆಗೆ, ಬೆನ್ನ ಹಿಂದಿನ ಗೋಡೆಗೆ ಒಂದೆರಡು ಕೌದಿ ಇಳಿಬಿಡಿ. ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ತಂದ ಮಿಕ್ಸರ್‌ಗಿಂತ ಇದರಿಂದ ಆಗೋ ಫರಕು ದೊಡ್ಡದು.

ಹೀಗಾಗಿ 20 ಸಾವಿರದಲ್ಲಿ ಅರ್ಧ ಮಿಕ್ಸರ್‌ಗೆ ಇಡಿ, ಉಳಿದಿದ್ದು ಮೈಕ್, ಸ್ಟ್ಯಾಂಡ್, ಕೇಬಲ್‌ಗೆ. ಹೊಸದು ಆ ದುಡ್ಡಿಗೆ ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ನೋಡಿ. ಎಲ್ಲ ಗುಂಡಿ ಮೆಲ್ಲಗೆ ತಿರುಗಿಸಿ, ಕರಕರ ಅಂದರೆ ಬಿಟ್ಟು ಬನ್ನಿ. ಮೈಕ್ ಡೈನಾಮಿಕ್ ಆಗಿರಲಿ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಅದಕ್ಕೆ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇರೆ ಕೊಡಬೇಕು. ನಿಮ್ಮ ಪಡಸಾಲೆಯಲ್ಲಿ ಅದು ಹಾಡಿನ ಜೊತೆ ಫ್ಯಾನು, ಕುಕ್ಕರ್ ಸೀಟಿ, ರಸ್ತೆಯ ಆಟೊ ಎಲ್ಲವನ್ನೂ ಹಿಡಿದು ತರುತ್ತೆ.

ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಹಾಡಿ ಅಂತ ಕಲಬುರಗಿಯವರಿಗೆ ಹೇಳೋ ಧೈರ್ಯ ನನಗಿಲ್ಲ. ಫ್ಯಾನಿನ ನೇರ ಕೆಳಗೆ ಮೈಕ್ ಇಡಬೇಡಿ, ತಲೆಗೆ ಸ್ಪಂಜಿನ ಟೋಪಿ ಹಾಕಿ. ಮಿಕ್ಸರ್‌ನಲ್ಲಿ ಹಾಡುವವರ ಚಾನೆಲ್‌ಗೆ ಲೋ ಕಟ್ ಒತ್ತಿ. ಅದು ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಸದ್ದನ್ನು ಇಳಿಸುತ್ತೆ. ತಬಲಾದ ಚಾನೆಲ್‌ಗೆ ಒತ್ತಬೇಡಿ, ಡಗ್ಗಾದ ಗುಮಕು ತೆಳ್ಳಗಾಗುತ್ತೆ.

ತಬಲಾ-ಡಗ್ಗಾ ಎರಡಕ್ಕೂ ನಡುವೆ, ಒಂದು ಗೇಣು ಮೇಲೆ ಒಂದೇ ಮೈಕ್ ಸಾಕು. ಪೇಟಿಗೆ ತಿದಿಯ ಕಡೆ ಇಡಬೇಡಿ, ಉಸ್ ಉಸ್ ಅನ್ನೋದು ಕೇಳುತ್ತೆ. ಮೈಕ್‌ಗೂ ಹಾಡುವವರ ಬಾಯಿಗೂ ಒಂದು ಗೇಣಿದ್ದರೆ, ಪಕ್ಕದ ಮೈಕ್ ಕನಿಷ್ಠ ಮೂರು ಗೇಣು ದೂರ ಇರಲಿ.

ಗೇನ್ ಇಡೋದು ಹೀಗೆ. ಹಾಡುವವರಿಗೆ ‘ಒಂದು, ಎರಡು, ಚೆಕ್’ ಅನ್ನಿಸಬೇಡಿ, ಏರು ದನಿಯ ಸಾಲನ್ನೇ ಹಾಡಿಸಿ. ಕೆಂಪು ಪೀಕ್ ದೀಪ ಮಿನುಗುವ ತನಕ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ ಬಿಟ್ಟುಬಿಡಿ. ಭಜನಿ ರಂಗೇರಿದ ಮೇಲೆ ಎಲ್ಲರೂ ಇನ್ನೂ ಜೋರಾಗಿ ಹಾಡುತ್ತಾರೆ, ಅಲ್ವಾ? ಅದಕ್ಕೂ ಜಾಗ ಉಳಿದಿರಬೇಕು. ರೆಕಾರ್ಡಿಂಗಿನಲ್ಲಿ ಒಡೆದ ದನಿಯನ್ನು ಆಮೇಲೆ ಸರಿ ಮಾಡೋದು ಬಹಳ ಕಷ್ಟ. ರೆಕಾರ್ಡಿಂಗ್ ದಿನ ಸ್ಪೀಕರ್ ಹಚ್ಚಬೇಡಿ, ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸಾಕು.

ಪ್ರಶ್ನೆ: ಬೀದರ್‌ನಿಂದ ಬರೆಯುತ್ತಿದ್ದೇನೆ. ಮಿಕ್ಸರ್ ಒಂದೇ ಇದ್ದರೆ ಸದ್ದಿಲ್ಲ. ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಗುಂಯ್ ಅನ್ನುತ್ತೆ. ಮಿಕ್ಸರ್ ಕೆಟ್ಟಿದೆಯಾ?

ಉತ್ತರ: ಬಹುಶಃ ಇಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ಅದು ಅರ್ತ್ ಲೂಪ್: ಲ್ಯಾಪ್‌ಟಾಪ್ ಒಂದು ಪಾಯಿಂಟಿನಿಂದ, ಮಿಕ್ಸರ್ ಇಲ್ಲವೇ ಸ್ಪೀಕರ್ ಇನ್ನೊಂದರಿಂದ ಅರ್ತ್ ತಗೊಂಡು, ನಡುವಿನ ಆಡಿಯೊ ಕೇಬಲ್‌ನಲ್ಲಿ 50 ಹರ್ಟ್ಸ್ ಕರೆಂಟ್ ಸುತ್ತುತ್ತಿದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಆಗಲೂ ಹೋಗದಿದ್ದರೆ ರೆಕಾರ್ಡ್ ಮಾಡುವಷ್ಟು ಹೊತ್ತು ಬ್ಯಾಟರಿ ಮೇಲೇ ಇರಲಿ. ಪ್ಲಗ್ಗಿನ ದಪ್ಪ ಅರ್ತ್ ಪಿನ್ ಕಿತ್ತರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿಯಾರು. ಖಂಡಿತ ಮಾಡಬೇಡಿ, ಹಾಡುವವರು ತುಟಿ ಹಚ್ಚೋ ಮೈಕಿನ ಮೈಗೇ ಕರೆಂಟ್ ಬರಬಹುದು.

ಚಾರ್ಜರ್ ತೆಗೆದರೂ ಸದ್ದು ಹಾಗೇ ಇದ್ದರೆ ಫ್ಯಾನ್ ರೆಗ್ಯುಲೇಟರ್ ತಿರುಗಿಸಿ. ಅದರ ಜೊತೆ ಸದ್ದಿನ ದನಿ ಬದಲಾದರೆ ಕಳ್ಳ ಅಲ್ಲಿದ್ದಾನೆ. ಬೇಸಿಗೆಯಲ್ಲಿ ಮನೆಯ ಅರ್ತ್ ವೈರ್ ನೆಲಕ್ಕೆ ಇಳಿಯುವ ಗುಂಡಿ ಒಣಗಿದರೂ ಅರ್ತಿಂಗ್ ದುರ್ಬಲವಾಗುತ್ತೆ. ವೈರ್‌ಮನ್ ಕರೆಸಿ ಪರೀಕ್ಷೆ ಮಾಡಿಸಿ, ಗುಂಡಿಗೆ ಆಗಾಗ ನೀರು ಹಾಕಿ.

ಪ್ರಶ್ನೆ: ನಮ್ಮ ಅಜ್ಜ ಹಾಡಿದ ಪದಗಳು ಹಳೇ ಕ್ಯಾಸೆಟ್‌ಗಳಲ್ಲಿವೆ. ಕಂಪ್ಯೂಟರ್‌ಗೆ ಇಳಿಸೋಕೆ ಮಿಕ್ಸರ್ ಬೇಕಾ? (ಸುರಪುರ, ಯಾದಗಿರಿ ಜಿಲ್ಲೆ)

ಉತ್ತರ: ಬೇಡ. ಮೇಲೆ ಹೇಳಿದ ಚಿಕ್ಕ ಸೌಂಡ್ ಕಾರ್ಡ್ ಸಾಕು. ಕ್ಯಾಸೆಟ್ ಡೆಕ್‌ನ ಲೈನ್ ಔಟ್‌ನಿಂದ ಅದಕ್ಕೆ ಕೊಡಿ. ಬರೀ ಹೆಡ್‌ಫೋನ್ ತೂತಿದ್ದರೆ ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಟ್ಟು ಶುರು ಮಾಡಿ. ಮೊದಲು ಡೆಕ್‌ನೊಳಗೆ ಟೇಪು ತಾಗುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಆಮೇಲೆ ಹಾಡಿಸಿ. ಎಂಪಿ3 ಬೇಡ, 44.1 ಕಿಲೊಹರ್ಟ್ಸ್ ವೇವ್ ಫೈಲಾಗಿ ಇಡಿ. ಇದೆಲ್ಲಕ್ಕೂ ಮುಂಚೆ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರೋ ಎರಡು ಚಿಕ್ಕ ಪ್ಲಾಸ್ಟಿಕ್ ಚೂರು ಮುರಿದುಹಾಕಿ. ಆಮೇಲೆ ಯಾರೇ ರೆಕಾರ್ಡ್ ಬಟನ್ ಒತ್ತಿದರೂ ಅದು ಕೂರೋದಿಲ್ಲ.