ಸಂಪಾದಕರ ಉತ್ತರ: ಭಾವನಿಗೆ ನೋಟಿಸ್ ಹೋಗಲೇಬೇಕಾ?

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: 'ಅಕ್ಕ ತೀರಿಕೊಂಡು ನಾಲ್ಕು ವರ್ಷ. ಅವಳ ಮಗನಿಗೆ ಈಗ ಆರು. ನಮಗೆ ಮಕ್ಕಳಿಲ್ಲ, ನಾನೂ ಯಜಮಾನರೂ ಅವನನ್ನು ಸಾಕ್ತಿದ್ದೇವೆ. ಭಾವ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆಂದು ಹೋದವರು ಮೂರು ವರ್ಷದಿಂದ ಪತ್ತೆಯಿಲ್ಲ. ನಮ್ಮಪ್ಪ ಬಾಂಡ್ ಪೇಪರಿನಲ್ಲಿ ದತ್ತು ಬರೆದುಕೊಟ್ಟು, ಶಿವಮೊಗ್ಗದ ಪೇಪರಿನಲ್ಲಿ ಒಂದು ಪ್ರಕಟಣೆ ಹಾಕಿಸಿದರೆ ಸಾಕು ಅಂತ ಪರಿಚಯದವರು ಹೇಳ್ತಾರೆ. ಭಾವನಿಗೆ ತಿಳಿಸಲೇಬೇಕಾ? ತಿಳಿದು ಬಂದು ಹುಡುಗನನ್ನು ಕರಕೊಂಡು ಹೋದರೆ?'

ನಿಮ್ಮ ಪತ್ರದ ಕೊನೆಯ ಸಾಲನ್ನು ಎರಡು ಸಲ ಓದಿದೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ನೇರವಾಗಿ ಹೇಳ್ತೇನೆ, ತಿಳಿಸಲೇಬೇಕು.

ಮೊದಲು ಬಾಂಡ್ ಪೇಪರಿನ ವಿಷಯ. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಮಗುವನ್ನು ದತ್ತು ಕೊಡುವ ಹಕ್ಕು ಇರುವುದು ಅಪ್ಪ ಅಮ್ಮನಿಗೆ. ಅಜ್ಜ ಎಷ್ಟೇ ಪ್ರೀತಿಯಿಂದ ಸಾಕಿದ್ದರೂ ಸುಮ್ನೆ ಸಹಿ ಹಾಕಿ ಕೊಡಲು ಬರುವುದಿಲ್ಲ. ಆದರೆ ಅದೇ ಕಾಯ್ದೆಯ 9ನೇ ಕಲಮಿನಲ್ಲಿ ನಿಮ್ಮಂಥವರಿಗೆ ಒಂದು ದಾರಿ ಇಟ್ಟಿದ್ದಾರೆ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರೆ ಅಥವಾ ಮಗುವನ್ನು ಬಿಟ್ಟುಹೋಗಿದ್ದರೆ, ಮಗುವನ್ನು ನೋಡಿಕೊಳ್ಳುತ್ತಿರುವ ಪೋಷಕರು ಕೋರ್ಟಿನ ಅನುಮತಿ ಮೊದಲೇ ಪಡೆದು ದತ್ತು ಕೊಡಬಹುದು. ತಾವೇ ತೆಗೆದುಕೊಳ್ಳಲೂಬಹುದು. ಹುಡುಗ ನಿಮ್ಮ ಮನೆಯಲ್ಲೇ ಇರುವುದರಿಂದ ಅರ್ಜಿ ಹೋಗಬೇಕಾದ್ದು ಶಿವಮೊಗ್ಗದ ಜಿಲ್ಲಾ ನ್ಯಾಯಾಲಯಕ್ಕೆ.

ಈಗ ನೋಡಿ, ಅಕ್ಕನ ವಿಷಯಕ್ಕೆ ಮರಣ ಪ್ರಮಾಣಪತ್ರ ಇದೆ. ಭಾವ 'ಬಿಟ್ಟುಹೋಗಿದ್ದಾರೆ' ಅನ್ನುವುದಕ್ಕೆ ಏನಿದೆ? ನಿಮ್ಮ ಮಾತು ಮಾತ್ರ. ಕೆಲಸಕ್ಕೆ ಹೋದವರು ಕಾಯಿಲೆ ಬಿದ್ದಿರಬಹುದು, ದುಡ್ಡಿಲ್ಲದೆ ಊರಿಗೆ ಮುಖ ತೋರಿಸಲು ನಾಚಿಕೊಂಡಿರಬಹುದು. ಅವರಿಗೆ ಒಂದು ಕಾಗದ ಕಳಿಸಿ ಕೇಳದೆ ಯಾವ ನ್ಯಾಯಾಧೀಶರು ತಾನೇ ತೀರ್ಮಾನ ಮಾಡಿಯಾರು? ನೋಟಿಸ್ ಹೋಗಿಯೂ ಅವರು ಬರಲಿಲ್ಲ ಅಂದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ನಿಮ್ಮ ಅರ್ಜಿ ನಿಲ್ಲುವುದು ಜಾಸ್ತಿ ಅದರ ಮೇಲೇ.

ಪೇಪರ್ ಪ್ರಕಟಣೆ ಮೊದಲ ಹೆಜ್ಜೆ ಅಲ್ಲ, ಕೊನೆಯದು. ಮೊದಲು ಗೊತ್ತಿರುವ ವಿಳಾಸಕ್ಕೆ ಅಂಚೆಯಲ್ಲಿ ಅಥವಾ ಕೋರ್ಟಿನ ಅಮೀನರ ಕೈಯಲ್ಲಿ ನೋಟಿಸ್ ಹೋಗುತ್ತದೆ. ಅವರು ತೆಗೆದುಕೊಳ್ಳಲು ಒಲ್ಲೆ ಎಂದರೂ ತಲುಪಿದ ಹಾಗೇ ಲೆಕ್ಕ. ತಪ್ಪಿಸಿಕೊಂಡು ತಿರುಗುತ್ತಿದ್ದಾರೆ ಅಥವಾ ಮಾಮೂಲಿ ರೀತಿಯಲ್ಲಿ ತಲುಪಿಸಲು ಆಗುವುದಿಲ್ಲ ಎಂದು ಕೋರ್ಟಿಗೆ ಅನ್ನಿಸಿದರೆ ಮಾತ್ರ ಬೇರೆ ಕ್ರಮ. ಆಗ ನೋಟಿಸನ್ನು ಕೋರ್ಟಿನಲ್ಲೂ ಅವರು ಕೊನೆಗೆ ಇದ್ದ ಮನೆಗೂ ಅಂಟಿಸುತ್ತಾರೆ, ಇಲ್ಲವೇ ಪತ್ರಿಕೆಯಲ್ಲಿ ಹಾಕಿಸುತ್ತಾರೆ. ಅದೂ ಅವರು ಕೊನೆಗೆ ಇದ್ದ, ದುಡಿದ ಜಾಗದಲ್ಲಿ ಓಡುವ ದಿನಪತ್ರಿಕೆ ಆಗಿರಬೇಕು. ಕೊಡಗಿನಲ್ಲಿದ್ದವರಿಗೆ ಶಿವಮೊಗ್ಗದಲ್ಲಿ ಮಾತ್ರ ಸಿಗುವ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಹಾಕಿಸಿ ಏನು ಬಂತು? ಅಲ್ವಾ?

ದಯವಿಟ್ಟು ಒಂದು ತಪ್ಪು ಮಾತ್ರ ಮಾಡಬೇಡಿ. ಭಾವನ ಅಣ್ಣನ ಮನೆ ಎಲ್ಲಿ ಅಂತ ಗೊತ್ತಿದ್ದೂ 'ವಿಳಾಸ ಗೊತ್ತಿಲ್ಲ' ಎಂದು ಬರೆಸಬೇಡಿ. ಸರಿಯಾಗಿ ಆದ ದತ್ತನ್ನು ಆಮೇಲೆ ಯಾರೂ ರದ್ದು ಮಾಡಲಾರರು, 15ನೇ ಕಲಮು ಅದನ್ನೇ ಹೇಳುತ್ತದೆ. ಆದರೆ ಶುರುವಿನಲ್ಲೇ ಸುಳ್ಳು ಸೇರಿದ್ದರೆ ಆ ಕಾಪು ಸಿಗುವುದು ಕಷ್ಟ. ಇಪ್ಪತ್ತು ವರ್ಷ ಕಳೆದು, ನಿಮ್ಮ ಅಡಿಕೆ ತೋಟ ಅವನ ಹೆಸರಿಗೆ ಬರುವ ಹೊತ್ತಿಗೆ ದಾಯಾದಿಗಳು ಈ ಕಡತವನ್ನೇ ಬಿಚ್ಚಿ, ಇವನು ದತ್ತು ಮಗನೇ ಅಲ್ಲ ಎಂದರೆ? ಆಗ ಕೋರ್ಟಿನ ಮೆಟ್ಟಿಲು ಹತ್ತುವವನು ಆ ಹುಡುಗ.

ಇನ್ನು ಭಾವ ಬಂದರೆ? ಬಂದು ಒಪ್ಪಿದರೆ ಇಷ್ಟೆಲ್ಲ ಓಡಾಟವೇ ಬೇಡ. ಅಕ್ಕ ಇಲ್ಲದ್ದರಿಂದ ಅವರೊಬ್ಬರೇ ಮಗುವನ್ನು ನಿಮ್ಮ ಕೈಗೆ ಕೊಡಬಹುದು. ಆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ. ಒಪ್ಪದಿದ್ದರೆ ದತ್ತು ಆಗದೆ ಹೋಗಬಹುದು, ಅದನ್ನು ಮುಚ್ಚಿಡಲಾರೆ. ಆದರೆ ನೋಟಿಸ್ ತಲುಪಿತು ಅನ್ನುವ ಕಾರಣಕ್ಕೆ ಮರುದಿನವೇ ಹುಡುಗನನ್ನು ಒಪ್ಪಿಸಬೇಕು ಅಂತೇನಿಲ್ಲ. ಮಗು ಯಾರ ಹತ್ತಿರ ಇರಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಅಲ್ಲಿ ಕೋರ್ಟ್ ಎಲ್ಲಕ್ಕಿಂತ ಮೇಲೆ ಇಡುವುದು ಮಗುವಿನ ಹಿತವನ್ನು. ನಾಲ್ಕು ವರ್ಷ ನೀವು ಉಣಿಸಿ ಶಾಲೆಗೆ ಕಳಿಸಿದ್ದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ದತ್ತಿಗೆ ಅನುಮತಿ ಕೊಡುವ ಮೊದಲು ಹುಡುಗನ ವಯಸ್ಸಿಗೆ ತಕ್ಕಂತೆ ಅವನ ಇಷ್ಟವನ್ನೂ ಗಮನಿಸುತ್ತಾರೆ.

ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವ ಮೊದಲು ಒಂದು ಸಂಜೆ ಅಪ್ಪನ ಜೊತೆ ಕೂತು ಭಾವ ಕೊನೆಗೆ ಇದ್ದ ತೋಟ, ಅಲ್ಲಿನ ಮೇಸ್ತ್ರಿ, ಅವರ ಅಣ್ಣನ ಮನೆ, ಈಗ ಹತ್ತದ ಆ ಹಳೇ ಫೋನ್ ನಂಬರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವಕೀಲರು ಮೊದಲು ಕೇಳುವುದು ಅದನ್ನೇ.